ಒಣಗಿಸಿದ್ದೇ ಮುಳುವಾಯಿತು

ಪ್ರಶ್ನೆ: ಹಾಳಾದ ಕಾಡಂಚಿನಲ್ಲಿ ಅಲ್ಲಿಯದೇ ಮರಗಳನ್ನು ಬೆಳೆಸಲು ಗೆಳೆಯರೆಲ್ಲ ಸೇರಿ ಹೊರಟಿದ್ದೇವೆ. ಕಳೆದ ವರ್ಷ ಒಂದು ಭಾರಿ ನೇರಳೆ ಮರದಡಿ ಎರಡು ಚೀಲ ಬೀಜ ಆರಿಸಿ, ಹದಿನೈದು ದಿನ ಬಿಸಿಲಿಗೆ ಹಾಕಿ, ಡಬ್ಬಿಯಲ್ಲಿ ತುಂಬಿಟ್ಟೆವು. ನಾಲ್ಕು ತಿಂಗಳಾದ ಮೇಲೆ ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಹೊನ್ನೆ ಬೀಜಕ್ಕೂ ಹೀಗೇ ಮಾಡಿದ್ದೆವು. ಅದು ತಕ್ಕಮಟ್ಟಿಗೆ ಬಂತು. ಎಲ್ಲಿ ಎಡವಿದೆವು?

ಉತ್ತರ: ಹೊನ್ನೆಗೆ ಮಾಡಿದ್ದನ್ನೇ ನೇರಳೆಗೂ ಮಾಡಿದಿರಲ್ಲ, ಅಲ್ಲೇ. ಬೀಜವೆಂದರೆ ಒಣಗಿಸಿ ಕಟ್ಟಿಡುವುದು ಎಂಬುದು ಕಾಳುಕಡ್ಡಿಯಿಂದ ಬಂದ ರೂಢಿ. ನೇರಳೆ, ಹಲಸು, ಮಾವು, ಓಕ್ ಬೀಜಗಳಿಗೆ ಜೀವವಿರುವುದು ಹಸಿಯಾಗಿರುವಷ್ಟು ದಿನ ಮಾತ್ರ. ಒಮ್ಮೆ ಒಣಗಿ ಸತ್ತರೆ ಆಮೇಲೆ ಎಷ್ಟು ನೀರು ಹೊಯ್ದರೂ ಅಷ್ಟೇ. ಸಾಲ ಮರದ ಬೀಜಕ್ಕಂತೂ ವಾರ ಕಳೆದರೆ ಕಥೆ ಮುಗಿದಂತೆ. 1973ರಲ್ಲಿ ಬೀಜವಿಜ್ಞಾನಿ ಇ.ಎಚ್. ರಾಬರ್ಟ್ಸ್ ಇಂಥವಕ್ಕೆ ‘ರಿಕ್ಯಾಲ್ಸಿಟ್ರಂಟ್’, ನಿಮ್ಮ ಹೊನ್ನೆಯಂತೆ ಒಣಗಿಸಿದರೂ ಬದುಕುವಂಥವಕ್ಕೆ ‘ಆರ್ಥೊಡಾಕ್ಸ್’ ಎಂದು ಹೆಸರಿಟ್ಟರು. ಒಂದು ಹಟಮಾರಿ, ಇನ್ನೊಂದು ಹೇಳಿದಂತೆ ಕೇಳುವಂಥದ್ದು ಎಂದುಕೊಳ್ಳಿ. ಬ್ರಿಟನ್ನಿನ ಮಿಲೆನಿಯಮ್ ಸೀಡ್ ಬ್ಯಾಂಕ್ ಚೆನ್ನಾಗಿ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುವುದು ಈ ಎರಡನೆಯ ಬಗೆಯದನ್ನೇ.

ಈ ಸಲ ನೇರಳೆ ಹಣ್ಣು ಆರಿಸಿದ ದಿನವೇ ತಿರುಳನ್ನು ಉಜ್ಜಿ ತೊಳೆಯಿರಿ. ನೆರಳಲ್ಲಿ ಹರವಿ ಮೇಲಿನ ಪಸೆಯಷ್ಟೇ ಆರಲಿ, ಒಂದು ವಾರದೊಳಗೆ ಬಿತ್ತಿಬಿಡಿ. ದೂರ ಒಯ್ಯುವುದಿದ್ದರೆ ನಸು ಒದ್ದೆ ಮರದಪುಡಿಯಲ್ಲಿ ಬೆರೆಸಿ ಗಾಳಿಯಾಡುವ ಚೀಲಕ್ಕೆ ಹಾಕಿ. ಬೀಜ ಉಸಿರಾಡುತ್ತಿರುತ್ತದೆ; ಪ್ಲಾಸ್ಟಿಕ್ಕಿನಲ್ಲಿ ಬಿಗಿದರೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ.

ಯಾವ ಬೀಜವನ್ನೇ ಆಗಲಿ ಚೀಲಗಟ್ಟಲೆ ಆರಿಸುವ ಮೊದಲು ಹತ್ತಿಪ್ಪತ್ತನ್ನು ಚಾಕುವಿನಿಂದ ಕೊಯ್ದು ನೋಡಿ. ಒಳಗೆ ಗಟ್ಟಿಯಾಗಿ, ಸಂದಿಲ್ಲದಂತೆ ತುಂಬಿದ್ದರೆ ಸರಿ. ಕಂದಾಗಿ ಸುಕ್ಕುಗಟ್ಟಿದ್ದರೆ ಸತ್ತಿದೆ. ಸೂಜಿಮೊನೆಯಷ್ಟು ತೂತು, ಒಳಗೆ ಹಿಟ್ಟು ಕಂಡರೆ ಹುಳದ ಕೆಲಸ. ಮೊದಮೊದಲು ಉದುರುವ ಬೀಜಗಳಲ್ಲಿ ಇದೇ ಜಾಸ್ತಿ. ತೇಗದ ಕಾಯಿ ಹೊರಗೆ ಎಷ್ಟೇ ದಪ್ಪಗಿರಲಿ, ಒಳಗಿನ ನಾಲ್ಕೂ ಕೋಣೆ ಖಾಲಿ ಇರುವುದುಂಟು. ಎರಡು ನಿಮಿಷದ ಈ ಕೆಲಸವನ್ನು ಬಹಳ ಮಂದಿ ಯಾಕೆ ಮಾಡುವುದಿಲ್ಲವೋ!

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು, ನನ್ನ ಪ್ರಕಾರ ದೊಡ್ಡ ತಪ್ಪು ಅದೇ: ಎರಡೂ ಚೀಲ ಒಂದೇ ಮರದ್ದು. ಮೊಳೆತಿದ್ದರೂ ಅವೆಲ್ಲ ಒಂದೇ ತಾಯಿಯ ಮಕ್ಕಳು. ಮುಂದೆ ಅವು ತಮ್ಮತಮ್ಮಲ್ಲೇ ಪರಾಗ ಹಂಚಿಕೊಂಡರೆ ಮರುಪೀಳಿಗೆ ಸೊರಗುತ್ತದೆ, ಒಂದು ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೇ ತಗಲಬಹುದು. ಇಪ್ಪತ್ತು ಮೂವತ್ತು ತಾಯಿಮರಗಳಾದರೂ ಬೇಕು. ಅವುಗಳ ನಡುವೆ 50ರಿಂದ 100 ಮೀಟರ್ ಅಂತರವಿರಲಿ, ಪ್ರತಿಯೊಂದರಿಂದಲೂ ಹೆಚ್ಚುಕಡಿಮೆ ಸಮಪಾಲು ಬರಲಿ. ಒಂಟಿಯಾಗಿ ನಿಂತ ಮರವನ್ನು ಬಿಡಿ, ಅದರ ಬೀಜ ತನ್ನದೇ ಪರಾಗದಿಂದ ಕಟ್ಟಿದ್ದಿರಬಹುದು. ನೆಟ್ಟಗಿನ, ಚೆಂದದ ಮರಗಳನ್ನೇ ಆರಿಸುವ ಚಪಲವೂ ಬೇಡ. ಅದು ದಿಮ್ಮಿ ಬೇಕಾದವರ ಲೆಕ್ಕ, ಕಾಡಿಗೆ ಡೊಂಕು ಮರವೂ ಬೇಕು. ಮಾಗಿದ ಬೀಜದಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಎತ್ತಬೇಡಿ, ಉಳಿದದ್ದು ಹಕ್ಕಿಗಳಿಗೆ, ನೆಲಕ್ಕೆ.

ಚೀಲದೊಳಗೊಂದು ಚೀಟಿ ಇಡಿ: ಮರದ ಹೆಸರು, ಜಾಗ, ತಾರೀಖು, ಎಷ್ಟು ಮರದಿಂದ ತಂದದ್ದು. ಚೀಟಿಗೆ ಪೆನ್ಸಿಲ್ಲೇ ವಾಸಿ, ಶಾಯಿ ಪಸೆಗೆ ಹರಡುತ್ತದೆ. ಕಾಡಿನ ಒಳಗಿಂದ ತರುವುದಿದ್ದರೆ ಮೊದಲು ಅನುಮತಿ ಪಡೆಯಿರಿ. ನೇರಳೆ ಹಣ್ಣಾಗುವಷ್ಟರಲ್ಲಿ ಸಸಿಮಡಿ ಸಿದ್ಧವಿರಲಿ. ಹೊನ್ನೆಯನ್ನು ಬೇಕಾದರೆ ಆಮೇಲೆ ಬಿತ್ತಿಕೊಳ್ಳಬಹುದು.