ರೂಸ್‌ವೆಲ್ಟ್ ದ್ವೀಪಕ್ಕೆ ಅರ್ಧ ದಿನ ಸಾಕಾ?

ಅಪ್ಪ ಅಮ್ಮನ ಜೊತೆ ನ್ಯೂಯಾರ್ಕಿನ ರೂಸ್‌ವೆಲ್ಟ್ ದ್ವೀಪ ನೋಡಲು ಅರ್ಧ ದಿನ ಸಾಕಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು, ಉದ್ದ ಸುಮಾರು 3 ಕಿ.ಮೀ. ಅಷ್ಟೆ. ಮ್ಯಾನ್‌ಹಟನ್‌ನಿಂದ ಟ್ರಾಮ್ ಹತ್ತಿ, ನದಿಯ ಮೇಲೆ ತಂತಿಯಲ್ಲೇ ಸಾಗುತ್ತದೆ.

ಮೊದಲು ದಕ್ಷಿಣದ ತುದಿ. 1856ರ ಸಿಡುಬಿನ ಆಸ್ಪತ್ರೆ ಈಗ ಬರೀ ಗೋಡೆ, ಬೇಲಿಯಾಚೆಯಿಂದ ನೋಡಬೇಕು. ಪಕ್ಕದ ಅಧ್ಯಕ್ಷ ರೂಸ್‌ವೆಲ್ಟ್ ಸ್ಮಾರಕ ಉದ್ಯಾನದ ವಿನ್ಯಾಸ ವಾಸ್ತುಶಿಲ್ಪಿ ಲೂಯಿ ಕಾನ್ ಅವರದು, ಅಹಮದಾಬಾದ್ ಐಐಎಂ ಖ್ಯಾತಿಯವರೇ.

ಉತ್ತರಕ್ಕೆ ಕೆಂಪು ಬಸ್ಸಿದೆ, ಪುಕ್ಕಟೆ. ಅಲ್ಲಿನ ಆಕ್ಟಗನ್ ಕಟ್ಟಡ ಒಂದು ಕಾಲದಲ್ಲಿ ಹುಚ್ಚಾಸ್ಪತ್ರೆಯಾಗಿತ್ತು. 1887ರಲ್ಲಿ ಪತ್ರಕರ್ತೆ ನೆಲ್ಲಿ ಬ್ಲೈ ಹುಚ್ಚಿಯಂತೆ ನಟಿಸಿ ಒಳಗೆ 10 ದಿನ ಇದ್ದು, ಅಲ್ಲಿನ ಹಿಂಸೆಯನ್ನು ಬಯಲಿಗೆಳೆದರು. ಈಗ ಅದು ಅಪಾರ್ಟ್‌ಮೆಂಟ್, ನೋಡಿ! ದ್ವೀಪದಲ್ಲಿದ್ದ ಹಳೆಯ ಜೈಲನ್ನು ಮಾತ್ರ ಸುಮ್ನೆ ಹುಡುಕಬೇಡಿ, 1930ರ ದಶಕದಲ್ಲೇ ಕೆಡವಿದರು.