ಮಠ ಮುಚ್ಚಿದ ಮೇಲೆ ಜ್ಯೂರಿಕ್‌ನ ಬಡವರಿಗೆ ಊಟ ಹಾಕಿದ್ದು ಯಾರು?

16ನೇ ಶತಮಾನದ ಸುಧಾರಣಾ ಚಳವಳಿ (ಕ್ಯಾಥೊಲಿಕ್ ಚರ್ಚಿನಿಂದ ಪ್ರೊಟೆಸ್ಟೆಂಟರು ಬೇರೆಯಾದದ್ದು) ಇಂದಿನ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಜಿನೀವಾ ನಗರಗಳನ್ನು ಹೇಗೆ ಬದಲಿಸಿತು ಅನ್ನುವ ಪ್ರಬಂಧದಲ್ಲಿ, ಮಠಗಳು ಮುಚ್ಚಿದ ಮೇಲೆ ದಾನವೂ ನಿಂತಿತು ಅಂತ ಅಂದುಕೊಂಡಿದ್ದೀರಿ. ನಿಮ್ಮ ಪ್ರಬಂಧ ಅಲ್ಲೇ ಸಿಕ್ಕಿಹಾಕಿಕೊಂಡಿದೆ ಅನಿಸುತ್ತದೆ. ದಾನ ನಿಲ್ಲಲಿಲ್ಲ, ಕೈ ಬದಲಾಯಿತು.

ಮೊದಲು 1525ರ ಜನವರಿಯ ಜ್ಯೂರಿಕ್ ಕಟ್ಟಳೆಯಿಂದ ಶುರು ಮಾಡಿ. ಬೀದಿಯಲ್ಲಿ ಬೇಡುವುದನ್ನು ನಗರಸಭೆ ನಿಷೇಧಿಸಿತು, ಮಠಗಳ ಆದಾಯವನ್ನು ಬಡವರ ಕಡೆ ತಿರುಗಿಸಿತು. ಡೊಮಿನಿಕನ್ನರೆಂಬ ಕ್ಯಾಥೊಲಿಕ್ ಸನ್ಯಾಸಿಗಳ ಹಳೇ ಮಠದಲ್ಲೇ ದಿನಾ ದೊಡ್ಡ ಹಂಡೆಯಲ್ಲಿ ಗಂಜಿ ಬೇಯಿಸಿ, ಬ್ರೆಡ್ ಜೊತೆ ಹಂಚುತ್ತಿದ್ದರು. ಇದನ್ನು ಖಂಡಿತ ಬರೆಯಿರಿ, ಇಡೀ ಬದಲಾವಣೆ ಆ ಹಂಡೆಯಲ್ಲೇ ಕಾಣುತ್ತದೆ ಅಲ್ವಾ?

ಆಮೇಲೆ ಅದೇ ವರ್ಷದ ಮದುವೆ ನ್ಯಾಯಾಲಯದ ಬಗ್ಗೆ ಬರೆಯಿರಿ, ಅಲ್ಲೂ ಅಧಿಕಾರ ಕೈ ಬದಲಾಯಿತು. ಬಿಷಪ್ ಬದಲು ಊರಿನ ಪಾದ್ರಿಗಳೂ ನಗರಸಭೆಯವರೂ ಕೂತು ತೀರ್ಪು ಕೊಟ್ಟರು.

ಪದಮಿತಿ ಎಷ್ಟು ಅಂತ ನೀವು ಹೇಳಿಲ್ಲ. ಕಡಿಮೆ ಇದ್ದರೆ ಜಿನೀವಾ ಭಾಗ ಬಿಟ್ಟುಬಿಡಿ.