ಗೆರೆಯ ಶುರುವಿನಲ್ಲೇ ಕಪ್ಪು ಬೊಟ್ಟು ಬೀಳುವುದಕ್ಕೆ

ಹಲಸಿನ ಹಲಗೆಯ ಮೇಲೆ ಮರ ಸುಟ್ಟು ಚಿತ್ರ ಬರೆಯುವ ಬಿಸಿ ಪೆನ್ನಿನಲ್ಲಿ ಯಕ್ಷಗಾನದ ಕಿರೀಟ ಬರೆಯುವಾಗ ಪ್ರತಿ ಗೆರೆಯ ಶುರುವಿನಲ್ಲೂ ಕಪ್ಪು ಬೊಟ್ಟು ಬೀಳುತ್ತದೆ ಅಂದಿರಲ್ಲ, ಅದು ಹಲಗೆಯ ತಪ್ಪಲ್ಲ. ಗಾಳಿಯಲ್ಲಿ ಹಿಡಿದಿದ್ದಾಗ ಪೆನ್ನಿನ ತುದಿ ಜಾಸ್ತಿ ಬಿಸಿಯಾಗುತ್ತದೆ, ಮರಕ್ಕೆ ತಾಗಿದ ಕೂಡಲೇ ಆ ಬಿಸಿಯೆಲ್ಲ ಒಂದೇ ಕಡೆ ಇಳಿಯುತ್ತದೆ. ತುದಿಗೆ ಒಮ್ಮೆ ಊದಿ, ಇಲ್ಲಾ ಬೇಡದ ಮರದ ಚೂರಿಗೆ ತಾಗಿಸಿ, ಆಮೇಲೆ ಕೈ ಓಡುತ್ತಿರುವಾಗಲೇ ಮೆಲ್ಲ ಇಳಿಸಿ, ಹಾಗೇ ಎತ್ತಿ. ಬಿಸಿ ಕಡಿಮೆ ಇಟ್ಟು ಎರಡು ಸಲ ಎಳೆದರೂ ನಷ್ಟವಿಲ್ಲ.

ಹಲಸು ನಮ್ಮ ಕಾಸರಗೋಡಿನಲ್ಲಿ ಸುಲಭಕ್ಕೆ ಸಿಗುತ್ತದೆ ನಿಜ, ಆದರೆ ಅದರ ಹಳದಿ ವರ್ಷ ಕಳೆದಂತೆ ಕಂದಾಗಿ ನಿಮ್ಮ ತೆಳು ನೆರಳೆಲ್ಲ ಮುಳುಗಿಹೋಗುತ್ತದೆ. ಮುಖವರ್ಣಿಕೆಯಂಥ ನಾಜೂಕು ಕೆಲಸಕ್ಕೆ ಬಿಳಿಚು ಹಾಲೆಮರವೇ ವಾಸಿ. ಮೊದಲು ಹಲಗೆಯನ್ನು 220 ನಂಬರಿನ ನಯವಾದ ಸ್ಯಾಂಡ್ ಪೇಪರಿನಲ್ಲಿ ಉಜ್ಜಿಕೊಳ್ಳಿ. ಪ್ಲೈವುಡ್ ಮಾತ್ರ ಬೇಡ, ಅಂಟಿನ ಹೊಗೆ ಒಳ್ಳೆಯದಲ್ಲ.